ಸುತ್ತಿಗೆ ಎತ್ತುವ ಮೊದಲು: ಭೂವಿಜ್ಞಾನದ ಕ್ಷೇತ್ರಕಾರ್ಯಕ್ಕೊಂದು ಸಮಗ್ರ ಮಾರ್ಗದರ್ಶಿ

ಚೀಲದ ತುಂಬ ಕಲ್ಲು ಹೊತ್ತು ತಂದು ಮೇಜಿನ ಮೇಲೆ ಸುರಿದವರನ್ನು ನಾನು ಮೊದಲು ಕೇಳುವುದು ಎರಡೇ ಮಾತು. ಇದು ಬಂಡೆಗೆ ಅಂಟಿಕೊಂಡಿತ್ತೋ, ಎಲ್ಲಿಂದಲೋ ಉರುಳಿ ಬಂದು ಬಿದ್ದಿತ್ತೋ? ಇದರ ಮೇಲ್ಮುಖ ಯಾವುದು? ಹೆಚ್ಚಿನವರ ಬಳಿ ಉತ್ತರ ಇರುವುದಿಲ್ಲ. ಕಲ್ಲು ಚೆನ್ನಾಗಿಯೇ ಇರುತ್ತದೆ, ಹೊಳೆಯುತ್ತಲೂ ಇರುತ್ತದೆ, ಆದರೆ ಸಂಶೋಧನೆಗೆ ಉಪಯೋಗಕ್ಕೆ ಬಾರದು. ಎಡವಿದ್ದು ಕಲ್ಲಿನ ಆಯ್ಕೆಯಲ್ಲಲ್ಲ, ಕೆಲಸದ ಕ್ರಮದಲ್ಲಿ. ಬಂಡೆ ಕಂಡ ಕೂಡಲೇ ಕೈ ಸುತ್ತಿಗೆಗೆ ಹೋಗುತ್ತದೆ. ನೋಟ, ಚಿತ್ರ, ಅಳತೆ, ಟಿಪ್ಪಣಿ ಎಲ್ಲವೂ ಆಮೇಲೆ, ನೆನಪಿದ್ದರೆ. ಇಲ್ಲಿ ಹೇಳುವ ಕ್ರಮದಲ್ಲಿ ಸುತ್ತಿಗೆಯ ಸರದಿ ಬರುವುದು ಏಳನೇ ಹಂತದಲ್ಲಿ.

ವಿವರಣೆಗೆ ಒಂದೇ ಉದಾಹರಣೆಯನ್ನು ಕೊನೆಯವರೆಗೂ ಇಟ್ಟುಕೊಳ್ಳೋಣ. ಮರಳುಗಲ್ಲು ಮತ್ತು ಶೇಲ್ (ಕೆಸರು ಗಟ್ಟಿಯಾಗಿ ಆದ, ತೆಳು ಹಾಳೆಗಳಂತೆ ಸೀಳುವ ಶಿಲೆ) ಪದರಗಳು ಮಡಿಕೆ ಬಿದ್ದಿವೆ. ಅವುಗಳ ನಡುವೆ ಡಾಲರೈಟ್‌ನ ಒಂದು ಡೈಕ್ ಇದೆ, ಅಂದರೆ ಬಿರುಕಿನೊಳಗೆ ನುಗ್ಗಿದ ಶಿಲಾಪಾಕ ತಣಿದು ಗಟ್ಟಿಯಾದ ಕಪ್ಪು ಗೋಡೆಯಂಥ ಶಿಲೆ.

ಹಂತ 1: ಆಸಕ್ತಿಯನ್ನು ಪ್ರಶ್ನೆಯಾಗಿ ಬದಲಿಸಿ

"ಈ ಪ್ರದೇಶದ ಶಿಲೆಗಳ ಅಧ್ಯಯನ" ಎಂಬುದು ಆಸಕ್ತಿ ಅಷ್ಟೇ. ಅದನ್ನು ಹಿಡಿದು ಹೊರಟವರು ಎಲ್ಲವನ್ನೂ ನೋಡಿ ಯಾವುದನ್ನೂ ಅಳೆಯದೆ ಬರುತ್ತಾರೆ. ಪ್ರಶ್ನೆ ಒಂದು ವಾಕ್ಯದಲ್ಲಿ ನಿಲ್ಲಬೇಕು: "ಡೈಕ್ ಒಳನುಗ್ಗಿದ್ದು ಪದರಗಳು ಮಡಿಕೆ ಬೀಳುವ ಮೊದಲೋ, ನಂತರವೋ?"

ಈಗ ಅದರ ಕೆಳಗೆ ಎರಡು ಸಾಲು ಬರೆಯಿರಿ. ಮೊದಲೇ ಬಂದಿದ್ದರೆ ಏನು ಕಾಣಬೇಕು? ಡೈಕ್ ಕೂಡ ಪದರಗಳ ಜೊತೆ ಬಾಗಿರಬೇಕು. ನಂತರ ಬಂದಿದ್ದರೆ? ಬಾಗಿದ ಪದರಗಳನ್ನು ಅಡ್ಡಲಾಗಿ ನೇರ ಕತ್ತರಿಸಿಕೊಂಡು ಹೋಗಿರಬೇಕು. ಈ ಎರಡು ಸಾಲು ಬರೆದಾಗಲೇ ಎಲ್ಲಿಗೆ ಹೋಗಬೇಕೆಂಬುದೂ ಗೊತ್ತಾಗುತ್ತದೆ: ಮಡಿಕೆಯ ಬಾಗುಭಾಗವನ್ನು ಡೈಕ್ ದಾಟುವ ಜಾಗಕ್ಕೆ. ಉಳಿದ ಕಡೆ ಎಷ್ಟು ಸುತ್ತಿದರೂ ಈ ಪ್ರಶ್ನೆಗೆ ಉತ್ತರ ಸಿಗುವುದು ಕಷ್ಟ.

ನಿಮ್ಮ ಊಹೆ ತಪ್ಪೆಂದು ತೋರಿಸಬಲ್ಲ ಒಂದು ಸಾಕ್ಷ್ಯವನ್ನೂ ಹೆಸರಿಸಲು ಆಗದಿದ್ದರೆ ಪ್ರಶ್ನೆ ಇನ್ನೂ ಹದಕ್ಕೆ ಬಂದಿಲ್ಲ. ಹೊರಡಬೇಡಿ.

ಹಂತ 2: ನಕ್ಷೆಯ ಮೇಲೆ ಮೊದಲು ನಡೆಯಿರಿ

ಎತ್ತರ ರೇಖೆಗಳಿರುವ ನಕ್ಷೆ, ಉಪಗ್ರಹ ಚಿತ್ರ, ಲಭ್ಯವಿದ್ದರೆ ಹಳೆಯ ಭೂವೈಜ್ಞಾನಿಕ ನಕ್ಷೆ, ಈ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಬಂಡೆ ಬಯಲಾಗಿರುವುದು ಸಾಮಾನ್ಯವಾಗಿ ಹಳ್ಳದ ಪಾತ್ರದಲ್ಲಿ, ರಸ್ತೆಗೆಂದು ಕಡಿದ ದರೆಯಲ್ಲಿ, ಗುಡ್ಡದ ಏಣಿನಲ್ಲಿ, ಬಿಟ್ಟ ಕಲ್ಲುಗಣಿಯಲ್ಲಿ. ಇಂಥ ಜಾಗಗಳನ್ನು ಗುರುತಿಸಿ ದಾರಿ ಹಾಕಿ.

ಮೊದಲ ದಿನದ ದಾರಿ ಪದರಗಳಿಗೆ ಅಡ್ಡಲಾಗಿರಲಿ. ಪದರದ ಉದ್ದಕ್ಕೇ ನಡೆದರೆ ದಿನವಿಡೀ ಅದೇ ಮರಳುಗಲ್ಲು. ಅಡ್ಡ ನಡೆದರೆ ಇಡೀ ಪದರಸರಣಿ ಅರ್ಧ ದಿನದಲ್ಲಿ ಕೈಗೆ ಸಿಗುತ್ತದೆ.

ನಕ್ಷೆಯ ಅಳತೆ ತೀರ್ಮಾನಿಸುವಾಗ ಒಂದು ಸಣ್ಣ ಲೆಕ್ಕ ಹಾಕಿ. 1:50,000 ಅಳತೆಯ ನಕ್ಷೆಯಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಪೆನ್ಸಿಲ್ ಗೆರೆಯೇ ನೆಲದ ಮೇಲೆ 25 ಮೀಟರ್ ಅಗಲ. 10 ಮೀಟರ್ ಅಗಲದ ಡೈಕ್ ಆ ಗೆರೆಯೊಳಗೇ ಮುಳುಗಿಹೋಗುತ್ತದೆ. 1:10,000ರಲ್ಲಾದರೆ ಅದು 1 ಮಿಲಿಮೀಟರ್ ಆಗಿ ಕಾಣುತ್ತದೆ. ನಮ್ಮ ಪ್ರಶ್ನೆಗೆ ಎರಡನೆಯದೇ ಬೇಕು.

ಜಮೀನಿನ ಯಜಮಾನರ, ಗಣಿಯವರ, ಅರಣ್ಯದವರ ಅನುಮತಿಯನ್ನು ಹೊರಡುವ ಮೊದಲೇ ಬರಹದಲ್ಲಿ ಪಡೆಯಿರಿ. ಸಂರಕ್ಷಿತ ತಾಣವಾದರೆ ಸುತ್ತಿಗೆ ಮನೆಯಲ್ಲೇ ಇರಲಿ. ಅಲ್ಲಿ ಕೆಲಸ ಏನಿದ್ದರೂ ಕಣ್ಣು, ಕ್ಯಾಮೆರಾ, ನೋಟ್‌ಬುಕ್‌ನಿಂದ.

ಹಂತ 3: ಚೀಲದಲ್ಲಿ ಏನಿರಬೇಕು

ದುಬಾರಿ ಸಲಕರಣೆ ಬೇಕಿಲ್ಲ. ನಾನು ಬಿಟ್ಟು ಹೊರಡದ ವಸ್ತುಗಳು ಇವು:

- ಭೂವಿಜ್ಞಾನಿಗಳ ಸುತ್ತಿಗೆ, ಕಣ್ಣಿಗೆ ರಕ್ಷಣಾ ಕನ್ನಡಕ, ದರೆಯ ಕೆಳಗೆ ಕೆಲಸವಿದ್ದರೆ ಹೆಲ್ಮೆಟ್
- ಕ್ಲಿನೋಮೀಟರ್ (ಇಳಿಜಾರಿನ ಕೋನ ಅಳೆಯುವ ಸಾಧನ) ಇರುವ ದಿಕ್ಸೂಚಿ
- 10 ಪಟ್ಟು ದೊಡ್ಡದು ಮಾಡುವ ಹ್ಯಾಂಡ್ ಲೆನ್ಸ್, ಕೊರಳಿಗೆ ದಾರ ಕಟ್ಟಿ
- ಗಟ್ಟಿ ರಟ್ಟಿನ ನೋಟ್‌ಬುಕ್, ಗಟ್ಟಿ ಪೆನ್ಸಿಲ್, ಅಳಿಸದ ಮಾರ್ಕರ್
- ಶೇಕಡಾ 10ರ ಹೈಡ್ರೋಕ್ಲೋರಿಕ್ ಆಮ್ಲ, ಸೋರದ ಚಿಕ್ಕ ಬಾಟಲಿಯಲ್ಲಿ
- ಚಾಕು, ಅಯಸ್ಕಾಂತ, ಅಳತೆಪಟ್ಟಿ, ದಪ್ಪ ಪ್ಲಾಸ್ಟಿಕ್ ಅಥವಾ ಬಟ್ಟೆಯ ಸ್ಯಾಂಪಲ್ ಚೀಲಗಳು
- ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ನೀರು, ಟಾರ್ಚ್

ಪೆನ್ಸಿಲ್ ಯಾಕೆ ಎಂದು ಕೇಳುವವರು ಒಂದು ಮಳೆಗೆ ನೋಟ್‌ಬುಕ್ ಕೊಡಲಿ. ಪೆನ್ನಿನ ಶಾಯಿ ಹರಡಿಹೋಗುತ್ತದೆ, ಪೆನ್ಸಿಲ್ ಬರಹ ಉಳಿಯುತ್ತದೆ.

ಮರಗೆಲಸದ ಸುತ್ತಿಗೆಯಿಂದ ಬಂಡೆ ಹೊಡೆಯಬೇಡಿ, ಅದರ ತಲೆ ಬಂಡೆಗೆಂದು ಮಾಡಿದ್ದಲ್ಲ. ಒಂದು ಸುತ್ತಿಗೆಯನ್ನು ಉಳಿಯಂತೆ ಇಟ್ಟು ಇನ್ನೊಂದರಿಂದ ಹೊಡೆಯುವುದಂತೂ ಬೇಡವೇ ಬೇಡ. ಗಟ್ಟಿ ಉಕ್ಕಿಗೆ ಗಟ್ಟಿ ಉಕ್ಕು ತಾಗಿದರೆ ಚೂರು ಗುಂಡಿನಂತೆ ಹಾರುತ್ತದೆ. ಉಳಿ ಬೇಕಿದ್ದರೆ ಕಲ್ಲಿನ ಉಳಿಯನ್ನೇ ಒಯ್ಯಿರಿ.

ದಿಕ್ಸೂಚಿಯನ್ನು ಮನೆಯಲ್ಲೇ ಸರಿಹೊಂದಿಸಿ. ಮುಳ್ಳು ತೋರಿಸುವುದು ಕಾಂತೀಯ ಉತ್ತರವನ್ನು. ನಿಜವಾದ ಉತ್ತರಕ್ಕೂ ಅದಕ್ಕೂ ಇರುವ ಕೋನ ಕೆಲವೆಡೆ 1 ಡಿಗ್ರಿಗಿಂತ ಕಡಿಮೆ, ಕೆಲವೆಡೆ 15ಕ್ಕಿಂತ ಹೆಚ್ಚು. ನಿಮ್ಮ ಪ್ರದೇಶದ ಈಗಿನ ಅಂಕಿ ನೋಡಿ ಒಂದೇ ಕಡೆ ತಿದ್ದಿ: ಒಂದೋ ದಿಕ್ಸೂಚಿಯಲ್ಲಿ, ಇಲ್ಲವೇ ಆಮೇಲೆ ಲೆಕ್ಕದಲ್ಲಿ. ಎರಡೂ ಕಡೆ ತಿದ್ದಿ ಹೊಸ ತಪ್ಪು ಮಾಡಿಕೊಂಡವರು ಕಡಿಮೆಯೇನಿಲ್ಲ. ಎಲ್ಲಿ ತಿದ್ದಿದ್ದೀರಿ ಎಂದು ನೋಟ್‌ಬುಕ್‌ನ ಮೊದಲ ಪುಟದಲ್ಲಿ ಬರೆದುಬಿಡಿ.

ಹಂತ 4: ದೂರ ನಿಂತು ನೋಡಿ, ಬಂಡೆ ತನ್ನ ಜಾಗದಲ್ಲೇ ಇದೆಯೇ ಪರೀಕ್ಷಿಸಿ

ಔಟ್‌ಕ್ರಾಪ್ ಎಂದರೆ ನೆಲದಡಿಯ ತಾಯಿಬಂಡೆ ಹೊರಗೆ ತಲೆಹಾಕಿದ ಜಾಗ. ಅಲ್ಲಿಗೆ ಬಂದೊಡನೆ ಮೂಗು ತಾಗಿಸಿ ನಿಲ್ಲಬೇಡಿ. ಇಪ್ಪತ್ತು ಮೂವತ್ತು ಹೆಜ್ಜೆ ಹಿಂದೆ ಸರಿದು ಐದು ನಿಮಿಷ ಸುಮ್ಮನೆ ನೋಡಿ. ಪದರಗಳು ಯಾವ ಕಡೆ ಇಳಿಯುತ್ತಿವೆ, ಬಣ್ಣ ಎಲ್ಲಿ ಬದಲಾಗುತ್ತದೆ, ಅಡ್ಡಗೆರೆ ಎಲ್ಲಿದೆ, ಇವೆಲ್ಲ ಹತ್ತಿರ ಹೋದರೆ ಕಾಣುವುದಿಲ್ಲ.

ಆಮೇಲೆ ಬಹುಮುಖ್ಯ ಪರೀಕ್ಷೆ: ಇದು ತಾಯಿಬಂಡೆಯೋ, ಮೇಲಿನಿಂದ ಉರುಳಿ ಬಂದ ಗುಂಡೋ? ಮನೆಯಷ್ಟು ದೊಡ್ಡ ಗುಂಡೂ ಜಾರಿ ಬರಬಲ್ಲದು, ಗಾತ್ರಕ್ಕೆ ಮೋಸಹೋಗಬೇಡಿ. ಸುತ್ತ ಹತ್ತಾರು ಮೀಟರ್‌ನಲ್ಲಿ ಇನ್ನೆರಡು ಕಡೆ ಪದರದ ದಿಕ್ಕು ನೋಡಿ. ಮೂರೂ ಹೊಂದಿದರೆ ಸರಿ. ಒಂದು ಮಾತ್ರ ಬೇರೆ ಹೇಳುತ್ತಿದ್ದರೆ, ಬುಡದಲ್ಲಿ ಮಣ್ಣು ಇಣುಕುತ್ತಿದ್ದರೆ, ಸುತ್ತಲೂ ಬಿರುಕು ಬಿಟ್ಟುಕೊಂಡಿದ್ದರೆ ಅದನ್ನು ಅಳೆಯಬೇಡಿ.

ಇಳಿಜಾರಿನ ಮೇಲ್ಭಾಗದಲ್ಲಿ ಇನ್ನೊಂದು ಬಲೆ ಇದೆ. ಮೇಲ್ಮಣ್ಣು ವರ್ಷಗಟ್ಟಲೆ ನಿಧಾನವಾಗಿ ಕೆಳಗೆ ಜರುಗುವಾಗ ಪದರಗಳ ತುದಿಗಳನ್ನೂ ಬಗ್ಗಿಸಿಬಿಡುತ್ತದೆ. ಮೇಲ್ಗಡೆಯ ಒಂದೆರಡು ಮೀಟರ್ ಒಂದು ಕಡೆ ಬಾಗಿ, ಕೆಳಗಿನ ಬಂಡೆ ಬೇರೆ ಕಡೆ ಇಳಿಯುತ್ತಿದ್ದರೆ ಕೆಳಗಿನದನ್ನೇ ನಂಬಿ.

ಹಂತ 5: ನೋಟ್‌ಬುಕ್ ತೆರೆಯಿರಿ, ಚಿತ್ರ ಬರೆಯಿರಿ

ಸ್ಥಳದ ಸಂಖ್ಯೆ, ತಾರೀಕು, ಸಮಯ, ಜಿಪಿಎಸ್ ಅಂಕಿ, ಜೊತೆಗೆ ಮಾತಿನಲ್ಲಿ ಗುರುತು. "ಹಳ್ಳದ ಎಡದಂಡೆ, ಸೇತುವೆಯಿಂದ 120 ಹೆಜ್ಜೆ ಮೇಲಕ್ಕೆ" ಎಂಬ ಸಾಲು ಫೋನಿನ ಅಂಕಿ ಕೈಕೊಟ್ಟಾಗ ಕಾಯುತ್ತದೆ. ನೀರು ಹರಿಯುವ ದಿಕ್ಕಿಗೆ ಮುಖ ಮಾಡಿ ನಿಂತಾಗ ಎಡಗೈ ಕಡೆ ಇರುವುದೇ ಎಡದಂಡೆ, ಇದರಲ್ಲೂ ತಪ್ಪುವವರಿದ್ದಾರೆ. ಕಡಿದಾದ ಕೊರಕಲಿನಲ್ಲಿ ಜಿಪಿಎಸ್ ಹತ್ತಾರು ಮೀಟರ್ ಜಾರಬಹುದು. ನಿರ್ದೇಶಾಂಕ ಯಾವ ಡೇಟಮ್‌ನಲ್ಲಿದೆ (ಅಕ್ಷಾಂಶ, ರೇಖಾಂಶ ಎಣಿಸಲು ಆಧಾರವಾಗಿಟ್ಟ ಭೂಮಿಯ ಮಾದರಿ) ಎಂಬುದನ್ನೂ ಬರೆಯಿರಿ. ಹಳೆಯ ನಕ್ಷೆಯ ಡೇಟಮ್ ಬೇರೆಯಾಗಿದ್ದರೆ ನಿಮ್ಮ ಚುಕ್ಕಿಗಳೆಲ್ಲ ಒಟ್ಟಾಗಿ ನೂರು ಮೀಟರ್‌ಗಟ್ಟಲೆ ಪಕ್ಕಕ್ಕೆ ಹೋಗಿ ಕೂರಬಹುದು.

ನಂತರ ಚಿತ್ರ. "ನನಗೆ ಚಿತ್ರ ಬರುವುದಿಲ್ಲ" ಎನ್ನುವವರಿಗೇ ಇದು ಹೆಚ್ಚು ಬೇಕು. ಚಂದದ ಚಿತ್ರ ಬೇಕಿಲ್ಲ. ಹೊರಗಿನ ಅಂಚು, ಮುಖ್ಯ ಪದರಗಳು, ಡೈಕ್‌ನ ಎರಡು ಗಡಿ, ಮುಖ್ಯ ಬಿರುಕು, ಇಷ್ಟು ಗೆರೆ ಸಾಕು. ಕೆಳಗೆ ಅಳತೆಯ ಗೆರೆ, ಎರಡು ತುದಿಯಲ್ಲಿ ದಿಕ್ಕು. ಫೋಟೊದಲ್ಲಿ ನೆರಳು, ಪಾಚಿ, ಹುಲ್ಲು ಎಲ್ಲ ಬೀಳುತ್ತದೆ. ಚಿತ್ರದಲ್ಲಿ ಬೀಳುವುದು ನೀವು ನಿಜವಾಗಿ ಗಮನಿಸಿದ್ದು ಮಾತ್ರ. ಗೆರೆ ಎಳೆಯುವಾಗ "ಇದು ಅಲ್ಲಿಗೆ ಸೇರುತ್ತದೋ ಇಲ್ಲವೋ" ಎಂಬ ಅನುಮಾನ ಹುಟ್ಟಿ ನೀವು ಎದ್ದು ಹೋಗಿ ನೋಡುತ್ತೀರಿ. ಚಿತ್ರದ ಲಾಭ ಅದೇ.

ಫೋಟೊ ಕೂಡ ಬೇಕು: ದೂರದ್ದೊಂದು, ನಡುದೂರದ್ದೊಂದು, ಹತ್ತಿರದ್ದೊಂದು. ಪ್ರತಿಯೊಂದರಲ್ಲೂ ಸೆಂಟಿಮೀಟರ್ ಗುರುತಿರುವ ಪಟ್ಟಿ, ನೋಟ್‌ಬುಕ್‌ನಲ್ಲಿ ಫೋಟೊ ಸಂಖ್ಯೆ ಮತ್ತು ಕ್ಯಾಮೆರಾ ನೋಡುತ್ತಿದ್ದ ದಿಕ್ಕು. ಅಪೊಲೊ ಗಗನಯಾತ್ರಿಗಳು ಚಂದ್ರನ ಮೇಲೆ ಇದನ್ನೇ ಮಾಡಿದರು. ನೋಮನ್ ಎಂಬ ಮೂರು ಕಾಲಿನ ಅಳತೆಗೋಲನ್ನು ಕಲ್ಲಿನ ಪಕ್ಕ ನಿಲ್ಲಿಸಿ, ಎತ್ತುವ ಮೊದಲೊಂದು ಫೋಟೊ, ಎತ್ತಿದ ಮೇಲೊಂದು. ಆರು ಯಾತ್ರೆಗಳಲ್ಲಿ ತಂದ ಸುಮಾರು 382 ಕಿಲೊ ಕಲ್ಲುಮಣ್ಣಿನ ಬಹುಭಾಗ ಎಲ್ಲಿ, ಹೇಗೆ ಬಿದ್ದಿತ್ತು ಎಂಬುದನ್ನು ಈಗಲೂ ಹೇಳಬಹುದಾದದ್ದು ಆ ಫೋಟೊಗಳಿಂದ. ಉಸಿರಾಟದ ಗಾಳಿಯನ್ನು ನಿಮಿಷದ ಲೆಕ್ಕದಲ್ಲಿ ಖರ್ಚು ಮಾಡುತ್ತಿದ್ದವರಿಗೆ ಬಿಡುವಿತ್ತು ಎಂದಮೇಲೆ ನಮಗೂ ಇರುತ್ತದೆ.

ಬರಹದಲ್ಲಿ ಕಂಡದ್ದು ಬೇರೆ, ಅಂದುಕೊಂಡದ್ದು ಬೇರೆ ಇರಬೇಕು. ನಾನು ಊಹೆಯನ್ನೆಲ್ಲ ಚೌಕ ಆವರಣದಲ್ಲಿ ಹಾಕುತ್ತೇನೆ. ಒಂದು ಮಾದರಿ (040/30 ಎಂಬುದರ ಅರ್ಥ ಮುಂದಿನ ಹಂತದಲ್ಲಿದೆ):

ಸ್ಥಳ 17. ಬೆಳಿಗ್ಗೆ 10.40. ಹಳ್ಳದ ಎಡದಂಡೆ. ಔಟ್‌ಕ್ರಾಪ್ 6 ಮೀ ಉದ್ದ, 2 ಮೀ ಎತ್ತರ, ತಾಯಿಬಂಡೆ. ಮರಳುಗಲ್ಲು 20–40 ಸೆಂ.ಮೀ. ಪದರಗಳು, ನಡುವೆ ಬೂದು ಶೇಲ್. ಪದರ 040/30. ಪೂರ್ವ ತುದಿಯಲ್ಲಿ ಕಪ್ಪು ಶಿಲೆ, ಗಡಿ ಚೂಪು, ಪದರಗಳನ್ನು ಕತ್ತರಿಸಿದೆ. ಗಡಿಯ 5 ಸೆಂ.ಮೀ. ಒಳಗೆ ಕಣ ಕಾಣದಷ್ಟು ಸೂಕ್ಷ್ಮ, ನಡುವೆ 1–2 ಮಿ.ಮೀ. ಗಡಿಗೆ ತಾಗಿದ ಶೇಲ್ ಗಟ್ಟಿ, ಕಪ್ಪು. [ಡೈಕ್. ಅಂಚು ಬೇಗ ತಣಿದಿದೆ, ಶೇಲ್ ಬೆಂದಿದೆ. ಮಡಿಕೆಯ ನಂತರದ್ದೇ? ಬಾಗುಭಾಗದಲ್ಲಿ ನೋಡಬೇಕು.]

ಆರು ತಿಂಗಳ ನಂತರ ಊಹೆ ಬದಲಾದರೂ ಆವರಣದ ಹೊರಗಿನ ಸಾಲುಗಳು ಹಾಗೆಯೇ ನಿಲ್ಲುತ್ತವೆ. "ಮಡಿಕೆಯ ನಂತರದ ಡೈಕ್, 040/30" ಎಂದಷ್ಟೇ ಬರೆದಿದ್ದರೆ ಊಹೆ ಬಿದ್ದ ದಿನ ಇಡೀ ಸ್ಥಳವೇ ಬಿದ್ದಂತೆ.

ಹಂತ 6: ಅಳತೆ

ಅತಿ ಹೆಚ್ಚು ಎಡವುವುದು ಇಲ್ಲಿ, ಆದ್ದರಿಂದ ನಿಧಾನವಾಗಿ ಹೋಗೋಣ.

ಓರೆಯಾದ ಪದರದ ಮೇಲೆ ಮಟ್ಟಸವಾಗಿ ಎಳೆದ ಗೆರೆಯ ದಿಕ್ಕೇ ಸ್ಟ್ರೈಕ್. ಆ ಗೆರೆಗೆ ಲಂಬವಾಗಿ ಪದರ ಎಷ್ಟು ಕೋನದಲ್ಲಿ ಕೆಳಗಿಳಿಯುತ್ತದೆ ಎಂಬುದೇ ಡಿಪ್. ಗೊಂದಲವಾದರೆ ಪದರದ ಮೇಲೆ ನಾಲ್ಕು ಹನಿ ನೀರು ಹಾಕಿ. ನೀರು ಓಡುವ ದಾರಿ ಡಿಪ್‌ನ ದಿಕ್ಕು, ಅದಕ್ಕೆ ಅಡ್ಡಗೆರೆ ಸ್ಟ್ರೈಕ್.

1. ಮೊದಲು ಅದು ನಿಜವಾದ ಪದರವೇ ಎಂದು ಖಚಿತಪಡಿಸಿಕೊಳ್ಳಿ. ಸೀಳುಗಳೂ ಒತ್ತಡದಿಂದ ಹುಟ್ಟಿದ ತೆಳು ಹಾಳೆಗಳೂ ಪದರದಂತೆಯೇ ಕಾಣುತ್ತವೆ. ಬಣ್ಣ ಅಥವಾ ಕಣದ ಗಾತ್ರ ಯಾವ ಗೆರೆಯಲ್ಲಿ ಬದಲಾಗುತ್ತದೋ ಅದೇ ಪದರ.

2. ಉಬ್ಬುತಗ್ಗಿದ್ದರೆ ನೋಟ್‌ಬುಕ್ಕನ್ನು ಪದರದ ಮೇಲೆ ಮಲಗಿಸಿ ಅದರ ಮೇಲೆ ಅಳೆಯಿರಿ. ನೋಟ್‌ಬುಕ್‌ಗೆ ಕಬ್ಬಿಣದ ಕ್ಲಿಪ್ ಇದ್ದರೆ ಮೊದಲು ತೆಗೆಯಿರಿ.

3. ಕ್ಲಿನೋಮೀಟರ್ ಅಂಚನ್ನು ಪದರಕ್ಕೆ ತಾಗಿಸಿ ತಿರುಗಿಸುತ್ತಾ ಹೋಗಿ. ಕೋನ ಸೊನ್ನೆ ತೋರಿಸುವ ಗೆರೆಯನ್ನು ಪೆನ್ಸಿಲ್‌ನಿಂದ ಗುರುತಿಸಿ, ಅದರ ದಿಕ್ಕು ಓದಿ.

4. ಆ ಗೆರೆಗೆ ಸರಿಯಾಗಿ ಲಂಬವಾಗಿ ಕೋನ ಓದಿ. ಅತಿ ಹೆಚ್ಚು ಬರುವ ಅಂಕಿಯೇ ಡಿಪ್.

5. ಬಲಗೈ ನಿಯಮದಂತೆ ಬರೆಯಿರಿ: ಪದರ ನಿಮ್ಮ ಬಲಕ್ಕೆ ಇಳಿಯುವಂತೆ ನಿಂತಾಗ ಮುಖವಿರುವ ದಿಕ್ಕೇ ಸ್ಟ್ರೈಕ್. 040/30 ಎಂದರೆ ಸ್ಟ್ರೈಕ್ 40 ಡಿಗ್ರಿ, ಪದರ 30 ಡಿಗ್ರಿ ಕೋನದಲ್ಲಿ ಆಗ್ನೇಯಕ್ಕೆ, ಅಂದರೆ 130ರ ಕಡೆಗೆ ಇಳಿಯುತ್ತಿದೆ. ದಿಕ್ಕಿಗೆ ಯಾವಾಗಲೂ ಮೂರು ಅಂಕಿ, ಕೋನಕ್ಕೆ ಎರಡು.

ಕೆಲವರು ಸ್ಟ್ರೈಕ್ ಬಿಟ್ಟು ಡಿಪ್‌ನ ದಿಕ್ಕನ್ನೇ ಬರೆಯುತ್ತಾರೆ. ಅದೂ ಸರಿಯೇ. ಆದರೆ ಒಂದೇ ಪುಟದಲ್ಲಿ ಎರಡೂ ಬೆರೆತರೆ ನಕ್ಷೆಯಲ್ಲಿ ಪದರಗಳು 90 ಡಿಗ್ರಿ ತಿರುಗಿ ನಿಲ್ಲುತ್ತವೆ. ಪದ್ಧತಿ ಯಾವುದೆಂದು ಅದೂ ಮೊದಲ ಪುಟದಲ್ಲಿರಲಿ.

ಗಣಿಯ ಗೋಡೆಯ ಮೇಲೆ ಕಾಣುವ ಗೆರೆಯ ಕೋನವನ್ನೇ ಡಿಪ್ ಎಂದು ಬರೆಯುವುದು ಇನ್ನೊಂದು ಮಾಮೂಲಿ ತಪ್ಪು. ಗೋಡೆ ಸ್ಟ್ರೈಕ್‌ಗೆ ಲಂಬವಾಗಿ ಇಲ್ಲದಿದ್ದರೆ ಕೋನ ಕಡಿಮೆಯೇ ಕಾಣುತ್ತದೆ. ನಿಜವಾದ ಡಿಪ್ 45 ಡಿಗ್ರಿ ಇದ್ದು, ಗೋಡೆ ಸ್ಟ್ರೈಕ್‌ನೊಂದಿಗೆ 30 ಡಿಗ್ರಿ ಮಾಡುತ್ತಿದ್ದರೆ ಗೋಡೆಯ ಮೇಲೆ ಕಾಣುವುದು ಸುಮಾರು 27 ಮಾತ್ರ. ಪದರದ ಮುಖವೇ ಬಯಲಾಗಿರುವ ಜಾಗ ಹುಡುಕಿ.

ಎಚ್ಚರಿಕೆಯ ಗುರುತು: ಡಾಲರೈಟ್‌ನಲ್ಲಿ ಮ್ಯಾಗ್ನಟೈಟ್ ಎಂಬ ಕಾಂತೀಯ ಖನಿಜ ಇರುತ್ತದೆ, ಅದು ಮುಳ್ಳನ್ನು ಎಳೆಯುತ್ತದೆ. ಡೈಕ್‌ನ ಹತ್ತಿರ ಅಳೆದ ದಿಕ್ಕುಗಳೆಲ್ಲ ಒಂದೇ ಕಡೆ ವಾಲುತ್ತಿದ್ದರೆ ಅನುಮಾನಿಸಿ. ಎರಡು ಬಿಂದು ಗುರುತಿಸಿ, ಮೊದಲನೆಯದರಿಂದ ಎರಡನೆಯದರ ದಿಕ್ಕು ಓದಿ, ನಂತರ ಅಲ್ಲಿಂದ ಇಲ್ಲಿಗೆ ಓದಿ. ಎರಡರ ನಡುವೆ 180 ಡಿಗ್ರಿ ವ್ಯತ್ಯಾಸ ಇಲ್ಲದಿದ್ದರೆ ಅಲ್ಲಿ ದಿಕ್ಸೂಚಿಯನ್ನು ನಂಬುವಂತಿಲ್ಲ. ದೂರ ನಿಂತು ಡೈಕ್‌ನ ಸಾಲನ್ನು ಕಣ್ಣಳತೆಗೆ ಹಿಡಿದು ಓದಬೇಕು, ಅಥವಾ ನಕ್ಷೆಯಿಂದ ತೆಗೆಯಬೇಕು. ಆದರೆ ಬಂಡೆಯನ್ನು ದೂರುವ ಮೊದಲು ಪಕ್ಕದಲ್ಲಿಟ್ಟ ಸುತ್ತಿಗೆ, ಬೆಲ್ಟಿನ ಬಕಲ್, ಜೇಬಿನ ಫೋನ್ ನೋಡಿಕೊಳ್ಳಿ. ಫೋನಿನ ದಿಕ್ಸೂಚಿ ಆ್ಯಪ್ ವೇಗವಾಗಿ ಕೆಲಸ ಮಾಡುತ್ತದೆ ನಿಜ, ಅಯಸ್ಕಾಂತವಿರುವ ಫೋನ್ ಕವರ್ ಹಾಕಿದ್ದರೆ ಅಷ್ಟೇ ವೇಗವಾಗಿ ತಪ್ಪನ್ನೂ ಹೇಳುತ್ತದೆ.

ಮಡಿಕೆ ಬಿದ್ದ ಪ್ರದೇಶದಲ್ಲಿ ಅಳತೆ ಮಾತ್ರ ಸಾಲದು, ಪದರದ ತಲೆ ಯಾವುದು ಬುಡ ಯಾವುದು ಎಂದೂ ತಿಳಿಯಬೇಕು. ಪದರಗಳು ಮಗುಚಿ ಬಿದ್ದಿರಬಹುದು. ಒಂದೇ ಪದರದೊಳಗೆ ಕಣ ದಪ್ಪದಿಂದ ಸಣ್ಣದಕ್ಕೆ ಹೋಗುತ್ತಿದ್ದರೆ ಸಾಮಾನ್ಯವಾಗಿ ದಪ್ಪ ಕಣದ ಕಡೆ ಬುಡ. ಒಂದೇ ಪದರದೊಳಗೆ ಓರೆಯಾಗಿ ಕಾಣುವ ತೆಳು ಪದರಗಳು (ಕ್ರಾಸ್ ಬೆಡ್ಡಿಂಗ್) ಬುಡದಲ್ಲಿ ನಯವಾಗಿ ಬಾಗಿ ಸೇರುತ್ತವೆ, ತಲೆಯಲ್ಲಿ ಕತ್ತರಿಸಿದಂತೆ ನಿಲ್ಲುತ್ತವೆ. ಒಣಗಿದ ಕೆಸರಿನ ಬಿರುಕುಗಳು ಕೆಳಕ್ಕೆ ಹೋದಂತೆ ಕಿರಿದಾಗುತ್ತವೆ. ಒಂದೇ ಗುರುತಿನ ಮೇಲೆ ತೀರ್ಮಾನ ಬೇಡ, ಎರಡು ಸಿಗುವವರೆಗೆ ಹುಡುಕಿ.

ಹಂತ 7: ಈಗ ಸುತ್ತಿಗೆ. ಶಿಲೆಯನ್ನು ವರ್ಣಿಸಿ, ಹೆಸರು ಕೊನೆಗೆ

ಸುತ್ತ ಯಾರೂ ಇಲ್ಲವೆಂದು ನೋಡಿ, ಕನ್ನಡಕ ಹಾಕಿ, ಒಂದು ಮೂಲೆಯಿಂದ ಚಿಕ್ಕ ಚಕ್ಕೆ ಎಬ್ಬಿಸಿ. ಮಳೆಬಿಸಿಲಿಗೆ ಮಾಗಿದ ಹೊರಮೈ ಸುಳ್ಳು ಬಣ್ಣ ತೋರಿಸುತ್ತದೆ. ಒಳಗಿನ ಹಸಿ ಮುಖ ಬೇಕು, ಅದಕ್ಕಷ್ಟೇ ಈ ಹೊಡೆತ. ಪಳೆಯುಳಿಕೆ, ಅಲೆಗುರುತು, ಚೆಂದದ ಮಡಿಕೆ ಇರುವ ಮುಖಕ್ಕೆ ಯಾವತ್ತೂ ಹೊಡೆಯಬೇಡಿ.

ಲೆನ್ಸನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು ಕಲ್ಲನ್ನು ಅದರ ಬಳಿಗೆ ತನ್ನಿ. ಲೆನ್ಸನ್ನು ಕಲ್ಲಿನ ಮೇಲಿಟ್ಟು ದೂರದಿಂದ ನೋಡುವವರಿಗೆ ಮಸುಕು ಬಿಟ್ಟರೆ ಬೇರೇನೂ ಕಾಣದು. ಹಸಿ ಮುಖದ ಬಣ್ಣ, ಕಣದ ಗಾತ್ರ, ಕಣಗಳ ಆಕಾರ, ಖನಿಜಗಳು, ಇದೇ ಅನುಕ್ರಮದಲ್ಲಿ ಬರೆಯಿರಿ. ಮರಳು ಎಂದರೆ 1/16 ಮಿಲಿಮೀಟರ್‌ನಿಂದ 2 ಮಿಲಿಮೀಟರ್. ಅದಕ್ಕಿಂತ ಸಣ್ಣದಾದರೆ ಹಲ್ಲಿನ ತುದಿಯಲ್ಲಿ ಚೂರೇ ಚೂರು ಕಡಿದು ನೋಡುವ ಹಳೆಯ ಉಪಾಯವಿದೆ: ಕರಕರ ಎಂದರೆ ಹೂಳು, ನುಣ್ಣಗಿದ್ದರೆ ಜೇಡಿ. ಗಣಿಯ ಕಸ ಬಿದ್ದ ಕಡೆ, ಆಮ್ಲ ಹಾಕಿದ ಮೇಲೆ ಇದು ಬೇಡ.

ಗಡಸುತನದ 1ರಿಂದ 10ರ ಮೋಸ್ ಮಾಪಕದಲ್ಲಿ ಉಗುರು ಸುಮಾರು 2.5, ಚಾಕು ಸುಮಾರು 5.5, ಬೆಣಚುಕಲ್ಲು 7. ಬಿಳಿ ಗೆರೆಯೊಂದು ಚಾಕುವಿಗೆ ಸುಲಭವಾಗಿ ಗೀರಿದರೆ ಅದು ಬೆಣಚುಕಲ್ಲಲ್ಲ. ಆಮ್ಲದ ಹನಿಗೆ ಜೋರಾಗಿ ನೊರೆ ಬಂದರೆ ಕ್ಯಾಲ್ಸೈಟ್, ಅಂದರೆ ಸುಣ್ಣಕಲ್ಲಿನ ಮುಖ್ಯ ಖನಿಜ. ಡಾಲಮೈಟ್ ಆದರೆ ಕೆರೆದು ಪುಡಿ ಮಾಡಿದ ಮೇಲಷ್ಟೇ ಸಣ್ಣಗೆ ನೊರೆಯುತ್ತದೆ. ನೊರೆ ಬಂದಿದ್ದಕ್ಕೇ ಸುಣ್ಣಕಲ್ಲು ಎಂದು ಬರೆಯಬೇಡಿ; ಮರಳಿನ ಕಣಗಳನ್ನು ಅಂಟಿಸಿರುವ ಕ್ಯಾಲ್ಸೈಟ್ ಕೂಡ ನೊರೆಯುತ್ತದೆ.

ಹೆಸರು ಇಷ್ಟೆಲ್ಲ ಆದಮೇಲೆ. ಗೊತ್ತಾಗದಿದ್ದರೆ "ಕಪ್ಪು, ಸೂಕ್ಷ್ಮ ಕಣದ ಶಿಲೆ" ಎಂದೇ ಇರಲಿ. ತಪ್ಪು ಹೆಸರು ಬರೆದರೆ ಮುಂದಿನ ಇಪ್ಪತ್ತು ಸ್ಥಳಗಳಲ್ಲಿ ಕಣ್ಣು ಅದನ್ನೇ ಹುಡುಕುತ್ತದೆ.

ಹಂತ 8: ಸ್ಯಾಂಪಲ್

ಪ್ರತಿ ಸ್ಯಾಂಪಲ್‌ಗೂ ಒಂದು ಕಾರಣ ಇರಬೇಕು, ಕಾರಣಕ್ಕೆ ತಕ್ಕ ಜಾಗ ಇರಬೇಕು. ನಮ್ಮ ಡೈಕ್‌ನ ವಯಸ್ಸು ಬೇಕಿದ್ದರೆ ನಡುಭಾಗದಿಂದ ತೆಗೆಯಿರಿ. ನಿಧಾನವಾಗಿ ತಣಿದ ದಪ್ಪ ಕಣಗಳ ಆ ಭಾಗದಲ್ಲಿ ಕಾಲನಿರ್ಣಯಕ್ಕೆ ಬೇಕಾದ ಜಿರ್ಕಾನ್, ಬ್ಯಾಡೆಲಿಯೈಟ್‌ನಂಥ ಖನಿಜ ಸಿಗುವ ಸಂಭವ ಹೆಚ್ಚು; ಇದಕ್ಕೆ ಕೆಲವು ಕಿಲೊ ಕಲ್ಲು ಬೇಕಾಗಬಹುದು. ಒಳನುಗ್ಗಿದ ಶಿಲಾಪಾಕ ಮೂಲದಲ್ಲಿ ಹೇಗಿತ್ತು ಎಂದು ತಿಳಿಯಬೇಕಿದ್ದರೆ ಬೇಗ ತಣಿದ ಅಂಚು ಉತ್ತಮ. ಸೂಕ್ಷ್ಮದರ್ಶಕಕ್ಕೆ 0.03 ಮಿಲಿಮೀಟರ್ ದಪ್ಪಕ್ಕೆ ತೇಯುವ ತೆಳುಪದರ ಸಾಕಾದರೆ ಮುಷ್ಟಿಯಷ್ಟು ಕಲ್ಲು ಧಾರಾಳ.

ದಿಕ್ಕು ಮುಖ್ಯವಾದ ಸ್ಯಾಂಪಲ್ ಆದರೆ ಕೀಳುವ ಮೊದಲೇ ಬಂಡೆಯ ಮೇಲೆ ಸ್ಟ್ರೈಕ್ ಗೆರೆ, ಡಿಪ್‌ನ ಗೀಟು, ಎರಡೂ ಅಂಕಿ ಮಾರ್ಕರ್‌ನಲ್ಲಿ ಬರೆಯಿರಿ. ಗುರುತು ಹಾಕಿದ್ದು ಮೇಲ್ಮುಖಕ್ಕೋ, ಜೋತುಬಿದ್ದ ಕೆಳಮುಖಕ್ಕೋ ಎಂಬುದನ್ನೂ ಬರೆಯಬೇಕು. ನಾನು ಒಮ್ಮೆ ಇದೊಂದನ್ನು ಬಿಟ್ಟೆ. ಹನ್ನೊಂದು ಕಲ್ಲು, ಎಲ್ಲದರ ಮೇಲೂ ಅಚ್ಚುಕಟ್ಟಾದ ಗೆರೆ. ತೆಳುಪದರ ಕೊಯ್ಯುವ ದಿನ ಯಾವುದರ ತಲೆ ಎಲ್ಲಿ ಎಂದು ತಿಳಿಯದೆ ಎಲ್ಲವನ್ನೂ ಪಕ್ಕಕ್ಕಿಟ್ಟೆ.

ರಾಸಾಯನಿಕ ವಿಶ್ಲೇಷಣೆಗೆ ಹೋಗುವ ಕಲ್ಲಿನಿಂದ ಮಾಗಿದ ಸಿಪ್ಪೆ, ಬಿಳಿ ಎಳೆಗಳು, ಮಾರ್ಕರ್ ಗುರುತು ಎಲ್ಲ ತೆಗೆದಿರಬೇಕು. ಚಿನ್ನದಂಥ ಲೋಹದ ಅತ್ಯಲ್ಪ ಪ್ರಮಾಣ ಅಳೆಯುವುದಿದ್ದರೆ ಕೈಯ ಉಂಗುರವನ್ನೂ ತೆಗೆಯಿರಿ.

ಸಂಖ್ಯೆ ಮೂರು ಕಡೆ: ಕಲ್ಲಿನ ಮೇಲೆ, ಚೀಲದ ಮೇಲೆ, ನೋಟ್‌ಬುಕ್‌ನಲ್ಲಿ. ಚೀಲದೊಳಗಿನ ಚೀಟಿಯೊಂದನ್ನೇ ನೆಚ್ಚಬೇಡಿ, ಒದ್ದೆ ಕಲ್ಲು ಅದನ್ನು ಮುದ್ದೆ ಮಾಡುತ್ತದೆ. ದಿನಾ ಒಂದರಿಂದ ಶುರು ಮಾಡಲೂಬೇಡಿ. ಸಂಖ್ಯೆ ಮೊದಲ ದಿನದಿಂದ ಕೊನೆಯ ದಿನದವರೆಗೆ ಮುಂದುವರಿಯಲಿ.

ಹಂತ 9: ಗಡಿಯ ಜಾಡು ಹಿಡಿಯಿರಿ

ಔಟ್‌ಕ್ರಾಪ್‌ಗಳು ಚುಕ್ಕಿಗಳು, ಅವನ್ನು ಸೇರಿಸುವ ಗೆರೆಯಿಂದಲೇ ನಕ್ಷೆ. ಎರಡು ಶಿಲೆಗಳ ಗಡಿ ಸಿಕ್ಕರೆ ಅದರ ಉದ್ದಕ್ಕೂ ನಡೆಯಿರಿ. ಕಣ್ಣಿಗೆ ಕಂಡ ಗಡಿಗೆ ತುಂಬುಗೆರೆ, ಊಹಿಸಿದ್ದಕ್ಕೆ ತುಂಡುಗೆರೆ, ಮಣ್ಣಿನಡಿ ಇರಬಹುದಾದದ್ದಕ್ಕೆ ಚುಕ್ಕಿಗೆರೆ. ಎಲ್ಲವೂ ತುಂಬುಗೆರೆಯಾದ ನಕ್ಷೆಯನ್ನು ಅನುಭವಿಗಳು ನಂಬುವುದಿಲ್ಲ.

ಪ್ರತಿ ಗಡಿಗೂ ಒಂದು ಬಗೆಯಿದೆ. ಒಳನುಗ್ಗಿದ್ದಾದರೆ ಬೆಂದ ಅಂಚು, ಒಡೆದು ಸೇರಿಕೊಂಡ ಪಕ್ಕದ ಶಿಲೆಯ ಚೂರುಗಳು ಸಿಗಬಹುದು. ಸ್ತರಭಂಗವಾದರೆ, ಅಂದರೆ ಬಿರುಕಿನ ಉದ್ದಕ್ಕೂ ಶಿಲೆ ಜಾರಿದ ಗಡಿಯಾದರೆ, ಪುಡಿಯಾದ ಕಲ್ಲು, ಉಜ್ಜಿ ನುಣುಪಾದ ಗೀರುಗಳು. ಪದರಗಳ ಡಿಪ್ ಥಟ್ಟನೆ ಬದಲಾದಾಗ ಕೂಡಲೇ ಸ್ತರಭಂಗ ಎನ್ನಬೇಡಿ. ಸ್ಕಾಟ್ಲೆಂಡಿನ ಸಿಕರ್ ಪಾಯಿಂಟ್‌ನಲ್ಲಿ ಬಹುತೇಕ ನೆಟ್ಟಗೆ ನಿಂತ ಹಳೆಯ ಪದರಗಳ ಸವೆದ ತಲೆಯ ಮೇಲೆ ಕೆಂಪು ಮರಳುಗಲ್ಲು ಸಣ್ಣ ಓರೆಯಲ್ಲಿ ಮಲಗಿದೆ. ಅಲ್ಲಿ ಏನೂ ಜಾರಿಲ್ಲ. ನಡುವೆ ಕೋಟ್ಯಂತರ ವರ್ಷಗಳ ದಾಖಲೆ ಇಲ್ಲ, ಅಷ್ಟೇ. ಬುಡದಲ್ಲಿ ಹಳೆಯ ಶಿಲೆಯ ಉರುಟು ಚೂರುಗಳಿವೆಯೇ ನೋಡಿ. ಇದ್ದರೆ ಸವೆತದ ಗಡಿಯೆಂಬುದಕ್ಕೆ ಬಲ ಬರುತ್ತದೆ.

ನಡೆಯುತ್ತಲೇ ದಪ್ಪ ಲೆಕ್ಕ ಹಾಕಿ. ಸಮತಟ್ಟು ನೆಲದಲ್ಲಿ ಸ್ಟ್ರೈಕ್‌ಗೆ ಅಡ್ಡಲಾಗಿ 40 ಮೀಟರ್ ಮರಳುಗಲ್ಲು ಸಿಕ್ಕಿತು, ಡಿಪ್ 30 ಡಿಗ್ರಿ. ಪದರದ ನಿಜವಾದ ದಪ್ಪ 20 ಮೀಟರ್. 40 ಎಂದು ಬರೆದ ವರದಿಗಳನ್ನು ತಿದ್ದಿ ಸಾಕಾಗಿದೆ.

ಯಾವಾಗ ಎಲ್ಲವನ್ನೂ ಬಿಟ್ಟು ಹೊರಡಬೇಕು

ದರೆಯ ಬುಡದಲ್ಲಿ ಹೊಸದಾಗಿ ಬಿದ್ದ, ಪಾಚಿ ಕಟ್ಟದ ಕಲ್ಲುಗಳು. ಮೇಲಿನಿಂದ ಸಣ್ಣ ಕಲ್ಲುಗಳು ಉದುರುವ ಸದ್ದು. ನೆಲದಲ್ಲಿ ಅಗಲವಾಗುತ್ತಿರುವ ಬಿರುಕು, ಒಂದೇ ಕಡೆ ವಾಲಿದ ಮರಗಳು. ತಿಳಿಯಾಗಿದ್ದ ಹಳ್ಳ ಮಳೆಯಿಲ್ಲದೆ ಥಟ್ಟನೆ ಕದಡುವುದು, ಏಕೆಂದರೆ ಮಳೆ ಮೇಲೆಲ್ಲೋ ಸುರಿದಿರುತ್ತದೆ. ಗುಡುಗು ಕೇಳಿಸಿದರೆ ಗುಡ್ಡದ ಏಣಿನಿಂದ ಇಳಿಯಿರಿ. ಅಳತೆ ಅರ್ಧಕ್ಕೆ ನಿಂತಿದ್ದರೂ ಸರಿ.

ಇಳಿಜಾರಿನಲ್ಲಿ ಒಬ್ಬರ ನೇರ ಕೆಳಗೆ ಇನ್ನೊಬ್ಬರು ಕೆಲಸ ಮಾಡಬಾರದು. ಹಳೆಯ ಗಣಿಯ ಸುರಂಗದೊಳಗೆ ಹೋಗಲೇಬೇಡಿ, ಅಲ್ಲಿನ ಗಾಳಿಯಲ್ಲಿ ಆಮ್ಲಜನಕ ಇಲ್ಲದಿರುವುದು ಕಣ್ಣಿಗೆ ಕಾಣುವುದಿಲ್ಲ. ಒಬ್ಬರೇ ಹೋಗಬೇಡಿ. ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ಸು ಎಂಬುದನ್ನು ಕೆಳಗಿರುವ ಒಬ್ಬರಿಗೆ ಬರೆದುಕೊಟ್ಟು ಹೋಗಿ.

ಹಂತ 10: ಸಂಜೆಯ ಎರಡು ಗಂಟೆ

ದಣಿದಿರುತ್ತೀರಿ, ಆದರೂ ಇದು ಮರುದಿನಕ್ಕೆ ಹೋಗಬಾರದು. ಸ್ಯಾಂಪಲ್‌ಗಳನ್ನು ನೆಲದ ಮೇಲೆ ಹರಡಿ ಒಂದೊಂದರ ಸಂಖ್ಯೆಯನ್ನೂ ನೋಟ್‌ಬುಕ್‌ಗೆ ಹೋಲಿಸಿ. ಅಂಕಿಗಳನ್ನು ನಕ್ಷೆಗೆ ಏರಿಸಿ. ನೋಟ್‌ಬುಕ್‌ನ ಪುಟಗಳ ಫೋಟೊ ತೆಗೆದು ಇನ್ನೊಂದು ಕಡೆ ಉಳಿಸಿ. ಹಳ್ಳಕ್ಕೆ ಬಿದ್ದ ನೋಟ್‌ಬುಕ್ ಮೇಲೆ ಬರುವುದಿಲ್ಲ.

ಆಮೇಲೆ ಅಂದು ನಡೆದ ದಾರಿಯ ಅಡ್ಡಸೀಳು ಚಿತ್ರ ಬರೆಯಿರಿ. ಎತ್ತರ ಮತ್ತು ದೂರಕ್ಕೆ ಒಂದೇ ಅಳತೆ ಇರಲಿ, ಎತ್ತರವನ್ನು ಹಿಗ್ಗಿಸಿದರೆ ಡಿಪ್‌ನ ಕೋನಗಳೆಲ್ಲ ಸುಳ್ಳಾಗುತ್ತವೆ. ಪದರಗಳನ್ನು ನೆಲದಡಿಗೆ ಎಳೆದು ಸೇರಿಸಲು ಹೋದಾಗಲೇ ಎಲ್ಲಿ ಹೊಂದುತ್ತಿಲ್ಲ ಎಂಬುದು ಕಾಣಿಸುತ್ತದೆ. ಮರಳುಗಲ್ಲು ಒಂದು ಕಡೆ 20 ಮೀಟರ್, ಮಡಿಕೆಯ ಆಚೆ 60 ಮೀಟರ್ ಬರುತ್ತಿದ್ದರೆ ಒಂದೋ ನಡುವೆ ಸ್ತರಭಂಗವಿದೆ, ಇಲ್ಲವೇ ಒಂದು ಡಿಪ್ ತಪ್ಪಾಗಿದೆ, ಅಥವಾ ಎರಡು ಬೇರೆ ಮರಳುಗಲ್ಲುಗಳನ್ನು ಒಂದೇ ಎಂದುಕೊಂಡಿದ್ದೀರಿ. ಮೂರನ್ನೂ ಬರೆದಿಡಿ, ಒಂದನ್ನು ಆರಿಸಿ ಉಳಿದವನ್ನು ಅಳಿಸಬೇಡಿ.

ಹೊಂದದ ಪ್ರತಿ ಜಾಗಕ್ಕೂ ನಕ್ಷೆಯ ಮೇಲೆ ಪೆನ್ಸಿಲ್‌ನಲ್ಲಿ ಪ್ರಶ್ನೆಚಿಹ್ನೆ ಹಾಕಿ. ಮರುದಿನ ಬೆಳಿಗ್ಗೆ ಮೊದಲು ಹೋಗಬೇಕಾದದ್ದು ಅಲ್ಲಿಗೆ. ಮಲಗುವ ಮುನ್ನ ಮುಂದಿನ ಸ್ಥಳದ ಸಂಖ್ಯೆಯನ್ನು ಹೊಸ ಪುಟದ ಮೇಲ್ಗಡೆ ಬರೆದಿಟ್ಟು, ಪೆನ್ಸಿಲ್ ಹೆರೆದಿಡಿ.